ಕುಡಿಕೆಯ ಕೊರಳ ಚೀಟಿ

ನನಗೆ ಚೆನ್ನಾಗಿ ಬರೆಯಲು ಬರುತ್ತದೆ ಎಂದು ಮೊದಲು ಹೇಳಿದವನು ಮೂರನೆಯ ಕೇರಿಯ ಒಬ್ಬ ಬೆಲ್ಲದ ವ್ಯಾಪಾರಿ. ಆತ ಈಗ ಬದುಕಿಲ್ಲ. ಇದ್ದಿದ್ದರೆ ಅವನ ಅಂಗಡಿಯ ಮುಂದೆ ನಿಂತು ಜಗಳ ತೆಗೆಯುತ್ತಿದ್ದೆ. ಒಂದು ಕೋಳಿ ಮರಿಗಳನ್ನು ಕರೆದುಕೊಂಡು ಅಂಗಳ ದಾಟುವ ನೋಟದ ಕುಡಿಕೆಗೆ ನಾನು ಬರೆದ ಚೀಟಿಯನ್ನು ಓದಿ ಅವನು, ಕೋಳಿಗಿಂತ ಚೀಟಿಯೇ ಚೆನ್ನಾಗಿದೆ ಎಂದುಬಿಟ್ಟ. ಅದೇ ದಿನ ನಾನು ಕೆಟ್ಟೆ. ಕೋಳಿ ಮಾತ್ರ ಚೆನ್ನಾಗಿಯೇ ಇತ್ತು.

ನಮ್ಮ ಊರಲ್ಲಿ ಕಾಗದ ಬರೆಯುವವರು ಅದರ ಜೊತೆಗೆ ಒಂದು ನೋಟವನ್ನೂ ಕಳಿಸುತ್ತಾರೆ. ಮಣ್ಣಿನ ಕುಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಏನು ಕಳಿಸಬೇಕೋ ಅದನ್ನು ಒಂದು ಎಲೆ ಅಡಿಕೆ ಜಗಿದು ಮುಗಿಸುವಷ್ಟು ಹೊತ್ತು ಕಣ್ತುಂಬ ನೋಡಿ, ಮುಚ್ಚಳ ಹಾಕಿ ಅರಗು ಬಳಿದರೆ ಆಯಿತು. ಆಮೇಲೆ ಯಾರು ಮುಚ್ಚಳ ತೆಗೆದು ಇಣುಕಿದರೂ ನೀವು ಕಂಡದ್ದು ನೀವು ಕಂಡ ಹಾಗೆಯೇ ಅವರಿಗೂ ಕಾಣುತ್ತದೆ. ಸದ್ದಿಲ್ಲ, ವಾಸನೆಯಿಲ್ಲ, ಬರೀ ನೋಟ. ಕಾಗದ ಊರೆಲ್ಲ ತಿರುಗುತ್ತದೆ, ಕುಡಿಕೆ ಮಾತ್ರ ಕಳಿಸಿದವರ ಕೇರಿಯ ಕುಡಿಕೆಮನೆಯಲ್ಲೇ ಕೂರುತ್ತದೆ. ಬೇರೆ ಕೇರಿಯವರಿಗೆ ನೋಡಬೇಕೆನಿಸಿದರೆ ಅವರ ಕುಡಿಕೆಮನೆಯವನು ಖಾಲಿ ಕುಡಿಕೆ ಹಿಡಿದುಕೊಂಡು ಬಂದು, ನಮ್ಮದರ ಬಾಯಿಗೆ ಅದರ ಬಾಯಿ ಹಚ್ಚಿ ನೋಟದ ನಕಲು, ಅಂದರೆ ಒಂದು ಪಡಿ ಮಾಡಿಕೊಂಡು ಹೋಗಬೇಕು. ಹದಿನೈದು ದಿನ ಇಟ್ಟುಕೊಂಡು ಪಡಿಯನ್ನು ತೊಳೆದುಬಿಡುತ್ತಾರೆ. ಮೂಲ ಕುಡಿಕೆಯನ್ನು ಮಾತ್ರ ತೊಳೆಯುವಂತಿಲ್ಲ, ದೋಷವಿದ್ದರೆ ಮಾತು ಬೇರೆ.

ಹನ್ನೊಂದು ಕೇರಿಗಳಿವೆ, ಊರಿಗೊಬ್ಬ ಯಜಮಾನನಿಲ್ಲ. ಪ್ರತಿ ಕೇರಿಗೂ ತನ್ನದೇ ಪಂಚರು, ತನ್ನದೇ ಹಟ. ಎರಡನೆಯ ಕೇರಿಯವರು ಮುಷ್ಟಿಗಿಂತ ದೊಡ್ಡ ಕುಡಿಕೆಯನ್ನು ಒಳಗೆ ಬಿಡುವುದಿಲ್ಲ. ನಾಲ್ಕನೆಯ ಕೇರಿಯಲ್ಲಿ ಚಾಕು, ರಕ್ತ ಇರುವ ಕುಡಿಕೆಗೆ ಕೆಂಪು ಬಟ್ಟೆ ಕಟ್ಟಬೇಕು. ಒಬ್ಬಳು ಬೀಟ್‌ರೂಟ್ ಹೆಚ್ಚುವುದನ್ನು ಕಳಿಸಿದಾಗ ಅದಕ್ಕೂ ಕಟ್ಟಿಬಿಟ್ಟರು, ಆ ವಾರ ಅದನ್ನೇ ನೋಡಲು ಎಲ್ಲಿಲ್ಲದ ನೂಕುನುಗ್ಗಲು. ಏಳನೆಯ ಮತ್ತು ಎಂಟನೆಯ ಕೇರಿಗಳ ನಡುವೆ ಐದು ವರ್ಷದಿಂದ ಕುಡಿಕೆಯ ಬಳಕೆಯೇ ಇಲ್ಲ. ಒಂದು ಮದುವೆಯ ಪಂಕ್ತಿಯ ನೋಟದಲ್ಲಿ ಎಂಟನೆಯ ಕೇರಿಯ ಬೀಗರೊಬ್ಬರು ಹೋಳಿಗೆ ಮಡಚಿ ಕಿಸೆಗೆ ಇಳಿಸುವುದು ಕಂಡಿತ್ತು. ಇನ್ನು ಒಂಬತ್ತನೆಯ ಕೇರಿ. ಅವರ ಕುಡಿಕೆಮನೆಯ ಅಟ್ಟ ಬೇರೆಯವರ ಪಡಿಗಳ ಭಾರಕ್ಕೆ ಕುಸಿದು ಬಿದ್ದ ಮೇಲೆ, ಚೀಟಿ ಬರಲಿ, ಕುಡಿಕೆ ಬೇಡ ಎಂದು ಅವರು ತೀರ್ಮಾನ ಮಾಡಿಕೊಂಡರು. ಅಲ್ಲಿಯವರು ನೋಡಲೇಬೇಕೆಂದರೆ ನಡೆದುಕೊಂಡು ಮೂಲದ ಕೇರಿಗೆ ಬರಬೇಕು. ಚೀಟಿ ಓದಿದರೆ ಸಾಕೆನಿಸುವುದರಿಂದ ಯಾರೂ ಬರುವುದಿಲ್ಲ.

ನಾನು ಆರನೆಯ ಕೇರಿಯ ಕುಡಿಕೆಮನೆಯವನು. ಹೆಸರು ಗುರುಪಾದಪ್ಪ. ಕುಡಿಕೆಯ ಕೊರಳಿಗೆ ಕಟ್ಟುವ ಚೀಟಿಯಲ್ಲಿ ಒಳಗೇನಿದೆ ಎಂಬುದನ್ನು ಮಾತಿನಲ್ಲಿ ಬರೆದಿರಬೇಕು, ಅದು ಮಾತ್ರ ಹನ್ನೊಂದು ಕೇರಿಗೂ ಒಪ್ಪಿಗೆಯಾದ ನಿಯಮ. ಕಣ್ಣಿಲ್ಲದವರಿಗೆ ಓದಿ ಹೇಳಬೇಕಲ್ಲ. ಒಂಬತ್ತನೆಯ ಕೇರಿಯವರಿಗಂತೂ ಕಾಗದದ ಜೊತೆ ಹೋಗುವ ಚೀಟಿಯ ನಕಲೇ ಗತಿ. ನಿಯಮದ ಪ್ರಕಾರ ಅದನ್ನು ಕುಡಿಕೆ ತಂದವರೇ ಬರೆಯಬೇಕು. ಯಾರೂ ಬರೆಯುವುದಿಲ್ಲ. ನೀವೇ ಏನಾದರೂ ಬರೆದುಬಿಡಿ ಎಂದು ಹೇಳಿ ಕಟ್ಟೆಯ ಮೇಲಿಟ್ಟು ಹೋಗುತ್ತಾರೆ. ಆಗ ಕುಡಿಕೆಮನೆಯವನು ಮುಚ್ಚಳ ತೆಗೆದು, ಕೊನೆಯ ತನಕ ನೋಡಿ, ಕಂಡದ್ದನ್ನು ಬರೆಯಬೇಕು. ದಿನಕ್ಕೆ ನಲವತ್ತು ಕುಡಿಕೆ ಬರುತ್ತವೆ. ಕೊನೆಯ ತನಕ ಯಾರು ನೋಡುತ್ತಾರೆ? ನಾನು ಮೊದಲಷ್ಟು ನೋಡಿ ಬರೆಯುತ್ತಿದ್ದೆ. ಬೆಲ್ಲದವನು ಹೊಗಳಿದ ಮೇಲೆ ನೋಡುವುದು ಇನ್ನೂ ಕಡಿಮೆಯಾಗಿ ಬರೆಯುವುದು ಹೆಚ್ಚಾಯಿತು. ನನಗೆ ಮೆಚ್ಚುಗೆಯಾದ ಚೀಟಿಗಳನ್ನು ಒಂದು ಪುಸ್ತಕದಲ್ಲಿ ನಕಲು ಮಾಡಿಟ್ಟುಕೊಳ್ಳುತ್ತಿದ್ದೆ. ಅದಕ್ಕೆ ರೇಷ್ಮೆ ಬಟ್ಟೆಯ ಹೊದಿಕೆ ಬೇರೆ. ಸಂಜೆ ಹೆಂಡತಿಗೆ ಓದಿ ಹೇಳುತ್ತಿದ್ದೆ. ಮೂರನೆಯ ಚೀಟಿಗೆ ಬರುವಷ್ಟರಲ್ಲಿ ಅವಳಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು. ಹಾಲು ಇಟ್ಟಿರದ ದಿನವೂ ನೆನಪಾಗುತ್ತಿತ್ತು.

ಸಾವಂತ್ರವ್ವ ನಮ್ಮ ಕೇರಿಯಲ್ಲಿ ಕೌದಿ ಹೊಲಿಯುವವಳು. ಹಳೆಯ ಸೀರೆಯ ತುಂಡುಗಳನ್ನು ಸೇರಿಸಿ ಆಕೆ ಹೊಲಿದ ಕೌದಿ ಹೊದ್ದು ಬೆಳೆಯದ ಕೂಸು ನಮ್ಮಲ್ಲಿಲ್ಲ. ಆಕೆಯ ಅಕ್ಕ ದ್ಯಾಮವ್ವನನ್ನು ಒಂಬತ್ತನೆಯ ಕೇರಿಗೆ ಕೊಟ್ಟಿದ್ದರು. ಕೊಟ್ಟ ಮೇಲೂ ಅಕ್ಕತಂಗಿಯರು ಕೂಡಿಯೇ ಹೊಲಿಯುತ್ತಿದ್ದರು, ಅರ್ಧ ಕೌದಿ ಇಲ್ಲಿ, ಅರ್ಧ ಅಲ್ಲಿ, ಕೊನೆಗೆ ನಡುವೆ ಒಂದು ಜೋಡಣೆ. ಎಲ್ಲಿ ಜೋಡಿಸಿದ್ದಾರೆಂದು ಯಾರಿಗೂ ಪತ್ತೆ ಹಚ್ಚಲಾಗುತ್ತಿರಲಿಲ್ಲ. ಹೋದ ವರ್ಷ ದ್ಯಾಮವ್ವ ತಂಗಿಯ ಅರ್ಧವನ್ನು ಹಾಗೆಯೇ ಹಿಂದಕ್ಕೆ ಕಳಿಸಿದಳು. ಹೊಲಿಗೆ ಸೊಟ್ಟಗಿದೆ, ಹೆಸರು ಬಂದ ಮೇಲೆ ನಿನಗೆ ಕೆಲಸದ ಮೇಲೆ ನಿಗಾ ಇಲ್ಲ ಎಂದು ಹೇಳಿಕಳಿಸಿದಳು. ಅಲ್ಲಿಗೆ ಇಬ್ಬರಿಗೂ ಮಾತು ನಿಂತಿತು.

ಅದಾಗಿ ಒಂದು ತಿಂಗಳಿಗೆ ಸಾವಂತ್ರವ್ವ ಕುಡಿಕೆ ತಂದಳು. ಜೊತೆಗಿದ್ದ ಕಾಗದದಲ್ಲಿ ಎರಡೇ ಸಾಲು: ಅಕ್ಕಾ, ಕುಡಿಕೆಯಲ್ಲಿದ್ದದ್ದನ್ನು ನೋಡು, ಆಮೇಲೆ ನಿನ್ನ ಮನಸ್ಸಿಗೆ ಬಂದದ್ದು ಹೇಳು. ಅಕ್ಕನ ಕೇರಿಗೆ ಕುಡಿಕೆ ಹೋಗುವುದಿಲ್ಲ, ಚೀಟಿಯಷ್ಟೇ ಹೋಗುತ್ತದೆ ಎಂದು ನಾನು ನೆನಪಿಸಿದೆ. ಗೊತ್ತು, ಒಳಗಿದ್ದದ್ದನ್ನು ಚೀಟಿಯಲ್ಲಿ ಬರೆಯಿರಿ, ಓದಿದರೆ ಅವಳಿಗೆ ತಿಳಿಯುತ್ತದೆ ಎಂದು ಹೇಳಿ ಹೋದಳು. ಹೋಗುವಾಗ ನನ್ನ ಹೊಸ್ತಿಲನ್ನು ಎಡವಿದಳು. ಅವಸರದ ಹೆಂಗಸು ಎಂದುಕೊಂಡೆ.

ಮುಚ್ಚಳ ತೆಗೆದೆ. ಒಳಗೆ ಬೂದಿ ಬಣ್ಣ, ಬಿಳಿ, ನಡುವೆ ಎಲ್ಲೋ ಒಂದಿಷ್ಟು ಕೆಂಪು ಅಲ್ಲಾಡುತ್ತಿದೆ. ಯಾವುದಕ್ಕೂ ಅಂಚಿಲ್ಲ. ಇಂಥ ಕುಡಿಕೆಗಳು ವಾರಕ್ಕೆ ಎರಡಾದರೂ ಬರುತ್ತವೆ. ಒದ್ದೆ ಕುಡಿಕೆಗೆ ಮುಚ್ಚಳ ಹಾಕಿದರೆ ಹೀಗೆ ಮಸುಕಾಗುತ್ತದೆ, ಸರಿಯಾಗಿ ಬೇಯದ ಕುಡಿಕೆಯಲ್ಲೂ ಹೀಗೇ. ಆಕೆಯನ್ನು ಹಿಂದಕ್ಕೆ ಕರೆದು, ತಾಯಿ, ನಿನ್ನ ಕುಡಿಕೆ ಕೆಟ್ಟಿದೆ, ಏನಿತ್ತು ಹೇಳು ಎಂದು ಕೇಳಬೇಕಿತ್ತು. ಆಗ ಊಟದ ಹೊತ್ತು. ಮನೆಯಲ್ಲಿ ಎಣ್ಣೆಗಾಯಿ ಮಾಡಿದ್ದಾರೆಂದು ನನಗೆ ಗೊತ್ತಿತ್ತು. ಪಾಪ, ಕುಡಿಕೆಯಂತೂ ಕೆಟ್ಟಿದೆ, ಚೀಟಿಯಾದರೂ ಚೆಂದವಿರಲಿ ಎಂದು ದೊಡ್ಡ ಮನಸ್ಸು ಮಾಡಿ ಹೀಗೆ ಬರೆದೆ: “ಮುಂಜಾವಿನ ಮಂಜು ಮುತ್ತಿನ ತೆರೆಯಾಗಿ ಅಂಗಳಕ್ಕೆ ಇಳಿದಿದೆ. ಅದರ ಮರೆಯಲ್ಲಿ ಬಣ್ಣಗಳು ಕಣ್ಣಾಮುಚ್ಚಾಲೆ ಆಡುತ್ತಿವೆ. ನೋಡಿದವರ ಮನಸ್ಸು ಹಗುರಾಗುತ್ತದೆ.” ಬರೆದು ಎರಡು ಸಲ ಓದಿಕೊಂಡೆ. ಪುಸ್ತಕಕ್ಕೂ ಇಳಿಸಿದೆ. ಊಟಕ್ಕೆ ಹೋದೆ. ಎಣ್ಣೆಗಾಯಿ ಬಹಳ ರುಚಿಯಾಗಿತ್ತು, ಅದನ್ನು ಯಾಕೆ ಮುಚ್ಚಿಡಲಿ.

ಮುಂದಿನ ತಿಂಗಳು ಕಪಾಟು ಖಾಲಿ ಮಾಡುವಾಗ ದೋಷವಿದ್ದ ಕುಡಿಕೆಗಳನ್ನೆಲ್ಲ ತೆಗೆದು ತೊಳೆದೆ. ಸಾವಂತ್ರವ್ವನದು ನೋಡಲು ದುಂಡಗೆ ಚೆನ್ನಾಗಿತ್ತು. ಮನೆಗೆ ಒಯ್ದೆ. ನನ್ನ ಹೆಂಡತಿ ಅದರಲ್ಲಿ ಮೆಂತ್ಯ ತುಂಬಿಟ್ಟಳು.

ಎಂಟು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಸಾವಂತ್ರವ್ವ ಗೋಡೆಗೆ ಕೈ ಆನಿಸಿಕೊಂಡು ಕುಡಿಕೆಮನೆಗೆ ಬಂದಳು. ನಾನು ಬನ್ನಿ ಎಂದರೆ ಆಕೆ ನನ್ನ ಪಕ್ಕದ ಕಂಬದ ಕಡೆ ಮುಖ ಮಾಡಿ ನಕ್ಕಳು. ಅಕ್ಕನಿಂದ ಉತ್ತರ ಬಂದಿಲ್ಲ, ಕುಡಿಕೆ ನೋಡಲು ಆಕೆ ಇಲ್ಲಿಗೇನಾದರೂ ಬಂದಿದ್ದಳೇ ಎಂದು ಕೇಳಿದಳು. ಬಂದಿಲ್ಲ, ಆದರೆ ಚೀಟಿಯಂತೂ ತಲುಪಿದೆ ಎಂದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಅದು ನಾನು ಬರೆದ ಒಳ್ಳೆಯ ಚೀಟಿಗಳಲ್ಲೊಂದು, ಕೇಳಿ ಎಂದು ರೇಷ್ಮೆ ಹೊದಿಕೆಯ ಪುಸ್ತಕ ಬಿಚ್ಚಿ ಓದಿದೆ. ಹಗುರಾಗುತ್ತದೆ ಎಂಬಲ್ಲಿ ದನಿಯನ್ನು ಒಂದಿಷ್ಟು ಇಳಿಸಿದೆ ಕೂಡ.

ಆಕೆ ಮುಖವನ್ನು ಕಂಬದಿಂದ ನನ್ನ ದನಿಯ ಕಡೆ ತಿರುಗಿಸಿದಳು. ಹೊಗಳಲು ಮಾತು ಹುಡುಕುತ್ತಿದ್ದಾಳೆ ಎಂದು ನಾನು ಕಾಯುತ್ತ ಕೂತೆ.

“ಇದು ನಂದಲ್ರಿ,” ಎಂದಳು. “ಮಂಜು ಎಲ್ಲಿಂದ ಬಂತ್ರಿ? ಅದು ಸೂಜಿರಿ. ಕೆಂಪು ದಾರ ಸೂಜಿಗೆ ಪೋಣಸೂದು ಹಾಕಿದ್ದೆ ಅದರಾಗ.”

ಸೂಜಿ ಇರಲಿಲ್ಲ, ಬರೀ ಮಸುಕಿತ್ತು ಎಂದೆ.

“ಹೂಂ. ನನಗ ಹಂಗ ಕಾಣತೈತ್ರಿ. ಅದನ್ನ ಅಕ್ಕಗ ತಿಳಿಸಬೇಕಾಗಿತ್ತು.”

ಇಪ್ಪತ್ತಮೂರು ವರ್ಷದಿಂದ ಕುಡಿಕೆಮನೆಯಲ್ಲಿದ್ದೇನೆ. ಕಂಡದ್ದು ಕಂಡ ಹಾಗೆಯೇ ಕಾಣುತ್ತದೆ ಎಂದು ಹೊಸಬರಿಗೆಲ್ಲ ಹೇಳಿಕೊಡುವವನು ನಾನೇ. ಕುಡಿಕೆ ಕೆಟ್ಟಿರಬಹುದು ಎಂದು ಹೊಳೆಯಿತು, ಕಣ್ಣು ಕೆಟ್ಟಿರಬಹುದು ಎಂದು ಹೊಳೆಯಲಿಲ್ಲ. ಆಕೆ ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಹೊಲಿಗೆ ಸೊಟ್ಟಗಾಗಲು ಶುರುವಾದದ್ದು ಕಣ್ಣಿನಿಂದ. ಪಂಡಿತರು ಬೇರು ತೇಯ್ದು ಹಚ್ಚಿದರು, ಕೊನೆಗೆ ಕೈಚೆಲ್ಲಿ, ಉಳಿದ ಬೆಳಕೂ ವರ್ಷದೊಳಗೆ ಹೋಗುತ್ತದೆ ಎಂದರು. ಬಾಯಿಬಿಟ್ಟು ಹೇಳಿದರೆ ಅಕ್ಕ ಅದನ್ನು ನೆಪ ಎಂದುಕೊಂಡಾಳೆಂದು ಕುಡಿಕೆಯಲ್ಲಿ ಹಾಕಿದ್ದಳು. ಚೀಟಿಯಲ್ಲಿ ಮಸುಕು ಎಂಬ ಒಂದು ಮಾತಿದ್ದರೂ ಅಕ್ಕ ಓಡಿ ಬರುತ್ತಾಳೆಂದು ಆಕೆಗೆ ನಂಬಿಕೆ ಇತ್ತು.

“ಪೂರಾ ಹೋಗೂದ್ರೊಳಗ ಅಕ್ಕನ ಮಾರಿ ಒಮ್ಮೆ ನೋಡಬೇಕಂತ ಇತ್ತು,” ಎಂದಳು. ಹೋಗಲಿ, ಆ ಕುಡಿಕೆಯನ್ನು ಇನ್ನೊಮ್ಮೆ ನೋಡಿ ಬೇರೆ ಚೀಟಿ ಬರೆದುಕೊಡಿ ಎಂದು ಕೇಳಿಕೊಂಡಳು.

ನಾನು ಮೆಂತ್ಯದ ವಿಷಯ ಹೇಳಬೇಕಾಯಿತು. ಹೇಳುವಾಗ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಕೆ ಬಯ್ಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮೆಂತ್ಯ ಅದರಲ್ಲಿ ಹುಳ ಬೀಳದೆ ಇರುತ್ತದೆಯೇ ಎಂದು ಕೇಳಿದಳು. ಇರುತ್ತದೆ ಎಂದೆ. ಅಷ್ಟಾದರೂ ಆಯಿತಲ್ಲ ಎಂದಳು.

ಮಧ್ಯಾಹ್ನವೇ ಒಂಬತ್ತನೆಯ ಕೇರಿಗೆ ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ, ಎಂಟನೆಯ ಕೇರಿಯ ಬಾವಿ ದಾಟುವಷ್ಟರಲ್ಲಿ ಅದು ಬಹಳ ಚೆಂದವಾಗಿ ಕೂಡಿಬಂದಿತ್ತು, ಎರಡು ಕಡೆ ಪ್ರಾಸ ಕೂಡ ಸೇರಿತ್ತು.

ದ್ಯಾಮವ್ವ ಪಡಸಾಲೆಯಲ್ಲಿ ಅರ್ಧ ಕೌದಿ ಹರಡಿಕೊಂಡು ಕೂತಿದ್ದಳು. ನಾನು ಆರನೆಯ ಕೇರಿಯ ಕುಡಿಕೆಮನೆಯವನು ಎಂದೊಡನೆ ಸೂಜಿ ಕೆಳಗಿಟ್ಟಳು. ಆಕೆಗೆ ಓದು ಬಾರದು. ಪಕ್ಕದ ಮನೆಯವರಿಂದ ಎಷ್ಟು ಸಲ ಓದಿಸಿಕೊಂಡಿದ್ದಳೋ, ನನ್ನ ಚೀಟಿಯನ್ನು ಮೊದಲಿನಿಂದ ಕೊನೆಯ ತನಕ ಬಾಯಿಪಾಠವಾಗಿ ಒಪ್ಪಿಸಿದಳು. ನನ್ನ ಬರಹವನ್ನು ಬಾಯಿಪಾಠ ಮಾಡಿದವರಲ್ಲಿ ಆಕೆಯೇ ಮೊದಲಿಗಳು. ಪ್ರತಿಯೊಂದು ಮಾತಿನ ಮೇಲೂ ಆಕೆಯ ಸಿಟ್ಟು ಹೊಸದಾಗಿತ್ತು.

“ಹೊಲಿಗಿ ಯಾಕ ಸೊಟ್ಟ ಅಂತ ನಾ ಕೇಳಿದ್ರ, ಮಂಜು ನೋಡು, ಮನಸ್ಸು ಹಗುರಾಗತೈತಿ ಅಂತಾಳ. ನನ್ನ ಆಡಿಕೊಂಡಾಳ್ರಿ ಅಕಿ.”

ಆಡಿಕೊಂಡದ್ದು ಆಕೆಯಲ್ಲ, ನಾನು ಎಂದು ಶುರು ಮಾಡಿದೆ. ಜೋಡಿಸಿಕೊಂಡು ಬಂದದ್ದನ್ನೆಲ್ಲ ಹೇಳಿದೆ. ಕಣ್ಣಿನ ದೀಪ ಆರುತ್ತಿದೆ ಎಂದೆ, ಅಕ್ಕನ ಮುಖಕ್ಕಾಗಿ ಆ ಕೊನೆಯ ಕಿರಣ ಕಾದಿದೆ ಎಂದೆ. ದ್ಯಾಮವ್ವ ಕೈ ಕಟ್ಟಿಕೊಂಡು ಪೂರ್ತಿ ಕೇಳಿದಳು.

“ಆವಾಗ ನೋಡಲಾರದ ಬರದ್ರಿ,” ಎಂದಳು. “ಈಗ ನೋಡಿ ಹೇಳಾಕತ್ತೀರಿ ಅಂತ ನಾ ಹೆಂಗ ನಂಬಲಿ? ಅವತ್ತಿನ ಮುತ್ತಿನ ತೆರಿ, ಇವತ್ತಿನ ಕಣ್ಣಿನ ದೀಪ, ಎರಡೂ ಒಬ್ಬರ ಬಾಯಾಗಿಂದ ಬಂದಾವು.”

ಕುಡಿಕೆಯನ್ನು ನೋಡಿದರೆ ನಂಬುತ್ತೀರಾ ಎಂದೆ. ಎಲ್ಲಿದೆ ಕುಡಿಕೆ ಎಂದು ಕೇಳಿದಳು. ನಾನು ಆ ದಿನ ಎರಡನೆಯ ಸಲ ಮೆಂತ್ಯದ ಹೆಸರೆತ್ತಿದೆ. ಆಕೆ ಬಾಗಿಲು ಹಾಕಿಕೊಂಡಳು. ಒಂಬತ್ತನೆಯ ಕೇರಿಯವರು ಬಾಗಿಲು ಹಾಕಿದರೆ ಅದು ಒಮ್ಮೆಗೇ ಹಾಕಿಕೊಳ್ಳುತ್ತದೆ, ಮತ್ತೆ ಬಡಿಯುವ ಧೈರ್ಯ ಬರುವುದಿಲ್ಲ.

ಮರುದಿನ ಸಾವಂತ್ರವ್ವನ ಮನೆಗೆ ಹೊಸ ಕುಡಿಕೆ ಒಯ್ದೆ. ಬಾಗಿಲಲ್ಲೇ ನಿಂತು, ಇನ್ನೊಂದು ನೋಟ ಹಾಕಿಕೊಡಿ, ಈ ಸಲ ನೋಡಿಯೇ ಬರೆಯುತ್ತೇನೆ ಎಂದೆ. ಈಗ ಹಾಕಲು ಏನೂ ಉಳಿದಿಲ್ಲ ಎಂದಳು. ಏನೂ ಉಳಿದಿಲ್ಲ ಎಂಬುದನ್ನೇ ಹಾಕಿ ಎಂದೆ. ಆಕೆ ಕುಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನನ್ನ ಕಡೆ ಮುಖ ಮಾಡಿ ಕೂತಳು. ಹೊರಗೆ ಬಿಸಿಲು ಚುರುಗುಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕೈಯಿಂದ ತಡವಿ ಮುಚ್ಚಳ ಹುಡುಕಿ ಹಾಕಿದಳು.

ಕುಡಿಕೆಮನೆಗೆ ಬಂದು ಕದ ಹಾಕಿಕೊಂಡು ಕೂತೆ. ಬೇರೆ ಮೂವತ್ತೊಂಬತ್ತು ಕುಡಿಕೆಗಳು ಕಾಯುತ್ತಿದ್ದವು, ಕಾಯಲಿ ಎಂದುಕೊಂಡೆ. ಮುಚ್ಚಳ ತೆಗೆದು ಇಣುಕಿದೆ. ಕತ್ತಲೆ. ಮೊದಲಷ್ಟು ನೋಡಿ ಏಳುವ ಅಭ್ಯಾಸ ಕಾಲುಗಳಿಗಿತ್ತು, ಅವನ್ನು ಮಡಚಿಕೊಂಡು ಕೂತೆ. ನೋಡುತ್ತ ನೋಡುತ್ತ ಎಡಗಡೆ ಕತ್ತಲೆ ಒಂದಿಷ್ಟು ತೆಳುವಾಗಿದೆ ಎಂದು ತಿಳಿಯಿತು. ಅದು ಬಾಗಿಲು. ಬಾಗಿಲಲ್ಲಿ ಒಂದು ಕಪ್ಪು ಕಲೆ. ಅದು ಒಮ್ಮೆ ಅಲ್ಲಾಡಿತು, ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಬದಲಿಸಿದ ಹಾಗೆ. ಅದು ನಾನು. ನನ್ನ ಹೊಸ ಅಂಗಿಯಿಲ್ಲ, ಬಾಚಿದ ಕ್ರಾಪಿಲ್ಲ, ಮೀಸೆಯಿಲ್ಲ. ಆಕೆಯ ಪಾಲಿಗೆ ಉಳಿದಿದ್ದ ಬೆಳಕಿನಲ್ಲಿ ಅರ್ಧವನ್ನು ನಾನೇ ಮುಚ್ಚಿಕೊಂಡು ನಿಂತಿದ್ದೆ. ನನಗೆ ಅಳು ಬಂತು. ಈ ಅಳುವಿನ ಬಗ್ಗೆ ನಾಲ್ಕು ಒಳ್ಳೆಯ ಸಾಲುಗಳೂ ಬಂದವು. ಅವನ್ನು ಬರೆಯಲಿಲ್ಲ.

ಚೀಟಿಯಲ್ಲಿ ಬರೆದದ್ದು ಇಷ್ಟು: “ಕತ್ತಲೆ. ಎಡಕ್ಕೆ ಸ್ವಲ್ಪ ಬೆಳಕಿದೆ, ಅದು ಬಾಗಿಲು. ಬಾಗಿಲಲ್ಲಿ ಕಪ್ಪಗೆ ಕಾಣುವುದು ಕುಡಿಕೆಮನೆಯವನು. ಹೊತ್ತು ಹಗಲು. ಕುಡಿಕೆಯಲ್ಲಿ ದೋಷವಿಲ್ಲ.”

ಇದನ್ನು ಬರೆಯಲು ಅರ್ಧ ದಿನ ಹಿಡಿಯಿತು. ಹನ್ನೊಂದು ಸಲ ಹೊಡೆದುಹಾಕಿದೆ. ಪುಸ್ತಕಕ್ಕೆ ಇಳಿಸುವ ಮನಸ್ಸಾಗಲಿಲ್ಲ, ಒಂಬತ್ತನೆಯ ಕೇರಿಗೆ ಕಳಿಸಿದೆ. ಸಂಜೆ ಹೆಂಡತಿಗೆ ಹೇಳಿದೆ. ಆಕೆ ಎದ್ದು ಹೋಗಲಿಲ್ಲ. ಒಲೆಯ ಮೇಲೆ ಆವತ್ತು ನಿಜವಾಗಿಯೂ ಹಾಲಿತ್ತು, ಅದು ಉಕ್ಕಿಹೋಯಿತು.

ಮೂರನೆಯ ದಿನ ದ್ಯಾಮವ್ವ ಬಂದಳು. ಬಿಸಿಲಲ್ಲಿ ನಡೆದು ಬಂದಿದ್ದಳು, ಕಾಲೆಲ್ಲ ಧೂಳು. ಕೂತುಕೊಳ್ಳಿ ಎಂದರೂ ಕೂರಲಿಲ್ಲ, ನೀರು ಕೊಟ್ಟರೆ ಕುಡಿಯಲಿಲ್ಲ. ಚೀಟಿಯನ್ನು ನನ್ನ ಮುಂದೆ ಹಿಡಿದಳು.

“ಇದು ನೀವು ಬರದಿದ್ದಲ್ಲ ಅಂತ ಗೊತ್ತಾತ್ರಿ,” ಎಂದಳು. “ಅದಕ್ಕ ಬಂದೆ.”

ನಾನೇ ಬರೆದದ್ದು ಎನ್ನಲು ಬಾಯಿ ತೆರೆದೆ. ಜೀವಮಾನದಲ್ಲಿ ಬರೆದ ಒಂದೇ ಒಂದು ಸರಿಯಾದ ಚೀಟಿ, ಅದು ಬೇರೆಯವನ ಹೆಸರಿಗೆ ಹೋಗುತ್ತಿತ್ತು. ಹೇಳಿದರೆ ಆಕೆ ತಿರುಗಿ ಹೋಗಿಬಿಡುತ್ತಾಳೆಂಬ ಭಯವೂ ಆಯಿತು. ಹೌದು, ನಮ್ಮಲ್ಲಿ ಹೊಸಬನೊಬ್ಬ ಸೇರಿದ್ದಾನೆ ಎಂದೆ. ಒಳ್ಳೆಯವನನ್ನು ಇಟ್ಟುಕೊಂಡಿದ್ದೀರಿ ಎಂದಳು.

ಕಪಾಟಿನಿಂದ ಕುಡಿಕೆ ತೆಗೆದುಕೊಟ್ಟೆ. ಆಕೆ ನಿಂತುಕೊಂಡೇ ಇಣುಕಿದಳು. ಒಂದು ಎಲೆ ಅಡಿಕೆಯ ಹೊತ್ತು ಕಳೆಯಿತು, ನೋಟ ಮುಗಿದರೂ ಆಕೆ ಕಣ್ಣು ತೆಗೆಯಲಿಲ್ಲ. ಆಮೇಲೆ ಮುಚ್ಚಳ ಹಾಕಿ, ಕುಡಿಕೆಯನ್ನು ಸೆರಗಿನಿಂದ ಒರೆಸಿ, ನನ್ನ ಕೈಗೆ ಕೊಟ್ಟು, ತಂಗಿಯ ಮನೆ ತೋರಿಸಿ ಎಂದಳು. ತವರಿನ ಮನೆ ಆಕೆಗೆ ನನಗಿಂತ ಚೆನ್ನಾಗಿ ಗೊತ್ತು. ಒಬ್ಬಳೇ ಹೋಗಲು ಆಕೆಗೆ ಧೈರ್ಯವಿರಲಿಲ್ಲ.

ಸಾವಂತ್ರವ್ವ ಗೋಡೆಗೊರಗಿ ಕೂತು, ತುಂಡು ಬಟ್ಟೆಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಬೇರೆ ಮಾಡುತ್ತಿದ್ದಳು. ದ್ಯಾಮವ್ವ ಮುಂದೆ, ನಾನು ಹಿಂದೆ. ಹೊಸ್ತಿಲಿಗೆ ಬಂದು ದ್ಯಾಮವ್ವನ ಕಾಲುಗಳು ನಿಂತವು. ಸಾವಂತ್ರವ್ವ ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಆಕೆಗೆ ಕಾಣುತ್ತಿರುವುದೇನು ಎಂದು ಊರಿನಲ್ಲಿ ತಿಳಿದಿದ್ದವರು ಇಬ್ಬರೇ, ಇಬ್ಬರೂ ಆ ಬಾಗಿಲಲ್ಲೇ ನಿಂತಿದ್ದೆವು.

“ಗುರುಪಾದಪ್ಪನವರೇನ್ರಿ?” ಎಂದಳು ಸಾವಂತ್ರವ್ವ. “ಅಕ್ಕನ ಕಡೆಯಿಂದ ಏನರ ಬಂತೇನ್ರಿ?”

ದ್ಯಾಮವ್ವ ನನ್ನ ಕಡೆ ತಿರುಗಿದಳು. ಏನು ಹೇಳಬೇಕೆಂದು ನನಗೆ ಗೊತ್ತಾಗಲಿಲ್ಲ, ಮೊದಲ ಸಲ. ಆಕೆ ಹೊಸ್ತಿಲು ದಾಟಿ ಒಳಗೆ ಹೋದಳು. ನಾನು ಇನ್ನೂ ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದೆ. ಪಕ್ಕಕ್ಕೆ ಸರಿದೆ.